ರೇಟು ಗೊತ್ತಿರೋ ಮಕ್ಕಳಿಗೆ ಮನೆ ಲೆಕ್ಕ ಯಾಕೆ ಗೊತ್ತಿಲ್ಲ?

"ಈಗಿನ ಹುಡುಗ್ರಿಗೆ ದುಡ್ಡಿನ ಬೆಲೆನೇ ಗೊತ್ತಿಲ್ಲ" ಅನ್ನೋ ಮಾತು ಮದುವೆ ಮನೆ ಊಟದ ಪಂಕ್ತಿಯಿಂದ ಹಿಡಿದು ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ತನಕ ಎಲ್ಲಾ ಕಡೆ ಕೇಳಿಸ್ತಾನೇ ಇರುತ್ತೆ. ನಾನು ಇದನ್ನ ಒಪ್ಪಲ್ಲ. ಒಬ್ಬ ಪಿಯುಸಿ ಹುಡುಗ ಫೋನ್ ತಗೊಳ್ಳೋದನ್ನ ಹತ್ತಿರದಿಂದ ನೋಡಿ, ಮೂರು ಆ್ಯಪ್‌ಗಳಲ್ಲಿ ರೇಟ್ ಹೋಲಿಸ್ತಾನೆ, ಸೇಲ್ ಬರೋ ತನಕ ಕಾಯ್ತಾನೆ, ಯಾವ ಬ್ಯಾಂಕ್ ಕಾರ್ಡಿಗೆ ಎಷ್ಟು ಡಿಸ್ಕೌಂಟ್ ಅಂತ ನೋಡಿ ಆ ಕಾರ್ಡ್ ಇರೋ ಚಿಕ್ಕಪ್ಪನ್ನ ಹುಡುಕ್ತಾನೆ, ಹಳೇ ಫೋನ್ ಯಾರಿಗೆ ಮಾರಿದ್ರೆ ಜಾಸ್ತಿ ಸಿಗುತ್ತೆ ಅಂತಾನೂ ವಿಚಾರಿಸಿರ್ತಾನೆ. ಫ್ರೆಂಡ್ಸ್ ಜೊತೆ ಬಿರಿಯಾನಿ ತಿಂದ್ರೆ ತಲೆಗೆ ಎಷ್ಟು ಅಂತ ಪೈಸೆ ಸಮೇತ ಲೆಕ್ಕ ಹಾಕಿ ಅವತ್ತೇ ವಸೂಲಿ ಮಾಡ್ಕೋತಾರೆ. ವಸ್ತುವಿನ ರೇಟು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗೊತ್ತಿಲ್ಲದೇ ಇರೋದು ಬೇರೆ. ಅಪ್ಪನ ಸಂಬಳ ಎಷ್ಟು, ಅದರಲ್ಲಿ ಹೋಮ್ ಲೋನ್‌ಗೆ ಎಷ್ಟು ಹೋಗುತ್ತೆ, ಅಜ್ಜಿ ಆಸ್ಪತ್ರೆ ಖರ್ಚಿಗೆ ಎಲ್ಲಿಂದ ದುಡ್ಡು ಬಂತು, ಅಮ್ಮನ ಬಳೆ ಯಾವ ಬ್ಯಾಂಕಲ್ಲಿ ಅಡ ಇದೆ, ಇಂಥದ್ದು ಒಂದೂ ಗೊತ್ತಿರಲ್ಲ. ಯಾಕಂದ್ರೆ ನಾವು ಹೇಳಿಲ್ಲ. ಕೇಳಿದ್ರೆ "ನಿನಗ್ಯಾಕೆ ಅದೆಲ್ಲ, ನೀನು ಓದ್ಕೋ" ಅಂತೀವಿ. ಹದಿನೆಂಟು ತುಂಬೋ ತನಕ ಮನೆ ಹಣಕಾಸನ್ನ ಮುಚ್ಚಿಟ್ಟು, ತುಂಬಿದ ಮೇಲೆ ಅಕೌಂಟು, ಕಾರ್ಡು, ಎಜುಕೇಷನ್ ಲೋನು, ಷೇರು ಇಡೋ ಡಿಮ್ಯಾಟು ಎಲ್ಲಾನೂ ಒಟ್ಟಿಗೇ ಅವರ ಕೈಗೆ ಬಂದಾಗ ಹುಡುಗ್ರು ತಡವರಿಸ್ತಾರೆ, ಆಗ ಜವಾಬ್ದಾರಿ ಇಲ್ಲ ಅಂತ ಬೈತೀವಿ. ನನ್ನ ಪ್ರಕಾರ ಹದಿಹರೆಯದವರ ದುಡ್ಡಿನ ಸಮಸ್ಯೆ ಅಂತ ನಾವು ಕರೀತಿರೋದ್ರಲ್ಲಿ ದೊಡ್ಡ ಪಾಲು ದೊಡ್ಡವರ ಮೌನದ ಸಮಸ್ಯೆ.

ಈ ಮೌನ ಮೊದಲೂ ಇತ್ತು, ಆದ್ರೆ ಆಗ ದುಡ್ಡು ಕಣ್ಣಿಗೆ ಕಾಣ್ತಿತ್ತು. ತಿಂಗಳ ಕೊನೆಗೆ ಅಮ್ಮ ಅಕ್ಕಿ ಡಬ್ಬದಿಂದ ನೋಟು ತೆಗೆಯೋದು, ದಿನಸಿ ಅಂಗಡಿಯವರು ಬುಕ್ಕಲ್ಲಿ ಬಾಕಿ ಬರೆಯೋದು, ಅಪ್ಪ ಒಂದನೇ ತಾರೀಕು ಕವರ್ ತರೋದು, ಇದನ್ನೆಲ್ಲ ಯಾರೂ ಪಾಠ ಮಾಡದೇ ಇದ್ರೂ ಮಕ್ಕಳು ನೋಡ್ಕೊಂಡೇ ಬೆಳೀತಿದ್ರು. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟ್ತು. ಈಗ ಹಾಲು, ಸೊಪ್ಪು, ಬಸ್ ಟಿಕೆಟ್, ಸ್ಕೂಲ್ ಫೀಸು ಎಲ್ಲದಕ್ಕೂ ಒಂದೇ ಸ್ಕ್ಯಾನ್, ಒಂದೇ ಟಿಂಗ್ ಸೌಂಡು. 30 ರೂಪಾಯಿ ಹೋದ್ರೂ ಅದೇ ಸದ್ದು, 30,000 ಹೋದ್ರೂ ಅದೇ ಸದ್ದು. ಮಗುಗೆ ಅಪ್ಪನ ಫೋನಿನ ಪಿನ್ ಗೊತ್ತಿರುತ್ತೆ, ಬ್ಯಾಲೆನ್ಸ್ ಗೊತ್ತಿರಲ್ಲ. ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ, ಯುಪಿಐ ಬೇಡ ಅಂತ ನಾನು ಹೇಳ್ತಿಲ್ಲ, ಮೊದಲು ತಾನಾಗೇ ಕಾಣ್ತಿದ್ದ ಲೆಕ್ಕವನ್ನ ಈಗ ಬಾಯಿಬಿಟ್ಟು ಹೇಳಬೇಕಾಗಿದೆ, ಅದನ್ನ ಯಾರೂ ಹೇಳ್ತಿಲ್ಲ ಅನ್ನೋದಷ್ಟೇ ನನ್ನ ಸಂಕಟ.

ಎಲ್ಲಾ ಮನೆ ಹೀಗೇ ಅಂತಲ್ಲ. ಅಂಗಡಿ ಇಟ್ಟಿರೋರ ಮಕ್ಕಳು, ಹೊಲ ತೋಟ ಇರೋರ ಮಕ್ಕಳು ದುಡ್ಡಿನ ವಿಷಯದಲ್ಲಿ ಎಷ್ಟೋ ಮುಂದಿದ್ದಾರೆ. ಸಂಜೆ ಅಪ್ಪನ ಜೊತೆ ಗಲ್ಲಾದಲ್ಲಿ ಕೂರೋ ಹುಡುಗಿಗೆ ಮಾರ್ಜಿನ್ ಅಂದ್ರೆ ಏನು, ಉದ್ರಿ ಯಾರಿಗೆ ಕೊಡಬಹುದು ಯಾರಿಗೆ ಕೊಡಬಾರದು ಅಂತ ಗೊತ್ತು. ಅಡಿಕೆ ಮಂಡಿಯಲ್ಲಿ ಇವತ್ತಿನ ರೇಟ್ ಎಷ್ಟು, ಸೊಸೈಟಿ ಸಾಲ ಯಾವ ತಿಂಗಳು ಕಟ್ಟಬೇಕು ಅಂತ ಹಳ್ಳಿ ಹುಡುಗ ಹೇಳ್ತಾನೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಲ್ಲಿ ಎಷ್ಟೋ ಕಡೆ ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರಲ್ಲ, ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವಿಸ್‌ಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು ಅನ್ನೋದು ಆ ವಾರ ಅಂಗಡಿಯವರ ಮನೆಗಳಲ್ಲಿ ಊಟದ ಹೊತ್ತಿನ ಮಾತಾಗಿತ್ತು. ಆ ಮಕ್ಕಳು ಅದನ್ನ ಜನ್ಮದಲ್ಲಿ ಮರೆಯಲ್ಲ. ಸಂಬಳದ ಮನೆಗಳಲ್ಲಿ, ಅದರಲ್ಲೂ ಸಿಟಿಯ ಅಪಾರ್ಟ್‌ಮೆಂಟ್ ಮನೆಗಳಲ್ಲಿ, ಇಂಥ ಅವಕಾಶ ತಾನಾಗಿ ಸಿಗಲ್ಲ. ಇನ್ನು ಹೆಣ್ಣುಮಕ್ಕಳ ವಿಷಯಕ್ಕೆ ಬಂದ್ರೆ ಎರಡೂ ಕಡೆ ಇನ್ನೊಂದು ಬಾಗಿಲು ಮುಚ್ಚಿರುತ್ತೆ, "ಬ್ಯಾಂಕ್ ಕೆಲಸ ಅಣ್ಣ ನೋಡ್ಕೋತಾನೆ ಬಿಡು" ಅಂತ ಅವಳನ್ನ ಫಾರ್ಮ್ ತುಂಬೋದರಿಂದಲೂ ದೂರ ಇಡ್ತಾರೆ, ಆಮೇಲೆ ಅವಳು ಕೆಲಸಕ್ಕೆ ಸೇರಿ ಸಂಬಳ ತಂದ್ರೂ ಎಟಿಎಂ ಕಾರ್ಡ್ ಬೇರೆಯವರ ಪರ್ಸಲ್ಲಿ ಇರುತ್ತೆ. ಇದನ್ನ ಸಣ್ಣ ವಿಷಯ ಅಂತ ಬಿಡೋಕೆ ನನಗೆ ಮನಸ್ಸು ಬರಲ್ಲ.

ಮನೆಯವರು ಮಾತಾಡದೇ ಬಿಟ್ಟ ಜಾಗಕ್ಕೆ ಬೇರೆಯವರು ಬಂದು ಕೂತಿದ್ದಾರೆ. ಮೊದಲು ಬಂದಿದ್ದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳು. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಜಾಹೀರಾತುಗಳನ್ನ ಮ್ಯಾಚ್ ಮಧ್ಯೆ ನೋಡ್ಕೊಂಡೇ ಒಂದು ತಲೆಮಾರು ಬೆಳೀತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ಇಂಥ ಮನಿ ಗೇಮ್‌ಗಳನ್ನ ನಿಷೇಧಿಸಿತು. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿಯಷ್ಟು ಕಳ್ಕೋತಿದ್ದಾರೆ ಅನ್ನೋದು ಆಗ ಸರ್ಕಾರ ಕೊಟ್ಟ ಅಂದಾಜು. ಕಾನೂನು ಒಳ್ಳೇದೇ, ಆದ್ರೆ ಬೇಗ ದುಡ್ಡು ಮಾಡಬಹುದು ಅನ್ನೋ ಆಸೆ ಕಾನೂನಿನಿಂದ ಹೋಗಲ್ಲ, ಅದು ಆ್ಯಪ್ ಬದಲಾಯಿಸುತ್ತೆ ಅಷ್ಟೇ.

ಅದು ಹೋಗಿ ಸೇರ್ತಿರೋದು ಆಪ್ಷನ್ಸ್ ಟ್ರೇಡಿಂಗ್‌ಗೆ, ಅಂದ್ರೆ ಷೇರಿನ ರೇಟು ಮುಂದೆ ಏರುತ್ತಾ ಇಳಿಯುತ್ತಾ ಅಂತ ಊಹಿಸಿ ದುಡ್ಡು ಹಾಕೋದಕ್ಕೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಪ್ರಕಾರ 2021-22ರಿಂದ 2023-24ರ ತನಕದ ಮೂರು ವರ್ಷದಲ್ಲಿ ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್ ಅನ್ನೋ ಇಂಥ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಜನ ಲಾಸ್ ಮಾಡ್ಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿದೆ. ಈ ಟ್ರೇಡರ್‌ಗಳಲ್ಲಿ 30 ವರ್ಷದ ಒಳಗಿನವರ ಪಾಲು ಒಂದೇ ವರ್ಷದಲ್ಲಿ 31ರಿಂದ 43 ಪರ್ಸೆಂಟ್‌ಗೆ ಏರ್ತು. ಅವರು ಇಪ್ಪತ್ತು ತುಂಬಿದ ದಿನ ಇದ್ದಕ್ಕಿದ್ದಂತೆ ಟ್ರೇಡರ್ ಆಗಿರಲ್ಲ, ಹದಿನಾರು ಹದಿನೇಳರಲ್ಲೇ ರೀಲ್ಸ್‌ನಲ್ಲಿ ರೇಟಿನ ಏರಿಳಿತ ತೋರಿಸೋ ಕ್ಯಾಂಡಲ್ ಚಾರ್ಟು, ಬಾಡಿಗೆ ಕಾರು, ಲಾಭದ ಸ್ಕ್ರೀನ್‌ಶಾಟು ನೋಡಿ ನೋಡಿ ಆಸೆ ಹುಟ್ಟಿರುತ್ತೆ. ಲಾಸ್ ಆದವರು ಸ್ಕ್ರೀನ್‌ಶಾಟ್ ಹಾಕಲ್ಲ ಅನ್ನೋ ಒಂದು ಮಾತನ್ನ ಆ ವಯಸ್ಸಲ್ಲಿ ಯಾರಾದ್ರೂ ಪಕ್ಕದಲ್ಲಿ ಕೂತು ಹೇಳಬೇಕಿತ್ತು. ಪಾಠ ಹೇಳ್ಕೊಡ್ತೀವಿ ಅನ್ನೋ ಹೆಸರಲ್ಲಿ ಲೈವ್ ರೇಟ್ ತೋರಿಸಿ ಟಿಪ್ಸ್ ಕೊಡೋದಕ್ಕೆ ಸೆಬಿ 2025ರ ಜನವರಿಯಲ್ಲಿ ಕಡಿವಾಣ ಹಾಕಿದೆ, ಶಿಕ್ಷಣ ಅಂದ್ರೆ ಕನಿಷ್ಠ ಮೂರು ತಿಂಗಳು ಹಳೇ ರೇಟ್ ಬಳಸಬೇಕು ಅಂತ. ಒಳ್ಳೆ ಹೆಜ್ಜೆ.

ಆದ್ರೆ ಇವೆರಡಕ್ಕಿಂತ ನನ್ನನ್ನ ಜಾಸ್ತಿ ಹೆದರಿಸೋದು ಅಕೌಂಟ್ ಬಾಡಿಗೆಗೆ ಕೊಡೋ ದಂಧೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ಹೆಚ್ಚಿನ ತಂದೆತಾಯಿಗೆ ಹೀಗೊಂದು ಇದೆ ಅಂತಾನೇ ಗೊತ್ತಿಲ್ಲ. ಕರ್ನಾಟಕದಲ್ಲಿ ಬಡ, ಮಧ್ಯಮ ವರ್ಗದ ಎಷ್ಟೋ ಮಕ್ಕಳ ಮೊದಲ ಬ್ಯಾಂಕ್ ಅಕೌಂಟ್ ಓಪನ್ ಆಗೋದೇ ಸ್ಕಾಲರ್‌ಶಿಪ್‌ಗೋಸ್ಕರ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು, ದುಡ್ಡು ಬೀಳಬೇಕಂದ್ರೆ ಅಕೌಂಟಿಗೆ ಆಧಾರ್ ಸೀಡಿಂಗ್ ಅಂದ್ರೆ ಜೋಡಣೆ ಆಗಿರಬೇಕು, ಆ ಜೋಡಣೆ ಎನ್‌ಪಿಸಿಐ ಅನ್ನೋ ಪೇಮೆಂಟ್ ಸಂಸ್ಥೆಯಲ್ಲೂ ದಾಖಲಾಗಿರಬೇಕು, ಇದಕ್ಕೆಲ್ಲ ಬ್ಯಾಂಕಿಗೆ, ಸೈಬರ್ ಸೆಂಟರಿಗೆ ಓಡಾಡಿ ಓಡಾಡಿ ಕೊನೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೈಗೆ ಬರುತ್ತೆ. ಆ ಅಕೌಂಟ್ ಏನು, ಅದರ ಮೇಲೆ ತನಗಿರೋ ಹೊಣೆ ಏನು ಅಂತ ಕೌಂಟರಲ್ಲೂ ಹೇಳಲ್ಲ, ಕಾಲೇಜಲ್ಲೂ ಹೇಳಲ್ಲ. ವರ್ಷಕ್ಕೊಂದು ಸಲ ದುಡ್ಡು ಬೀಳೋ ಆ ಖಾತೆ ಉಳಿದ ದಿನ ಖಾಲಿ ಇರುತ್ತೆ. ಆಗ ಒಬ್ಬ ಸೀನಿಯರ್ ಬಂದು, ನಿನ್ನ ಅಕೌಂಟ್ ಹೇಗೂ ಖಾಲಿ ಇದೆಯಲ್ಲ, ಪಾಸ್‌ಬುಕ್, ಎಟಿಎಂ, ಅದಕ್ಕೆ ಲಿಂಕ್ ಆಗಿರೋ ಸಿಮ್ ಕೊಡು, ಗೇಮಿಂಗ್ ಕಂಪನಿಯವರಿಗೆ ಟ್ಯಾಕ್ಸ್ ಉಳಿಸೋಕೆ ಬೇಕಂತೆ, ಕೆಲವು ಸಾವಿರ ಕೊಡ್ತಾರೆ ಅಂತಾನೆ. ತನ್ನ ದುಡ್ಡೇನೂ ಹೋಗಲ್ವಲ್ಲ ಅಂತ ಹುಡುಗ ಕೊಟ್ಟುಬಿಡ್ತಾನೆ.

ಆಮೇಲೆ ಆ ಅಕೌಂಟಿಗೆ ಬರೋದು ಎಲ್ಲೋ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ಪೊಲೀಸರ ಸೋಗಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ಕೊಂಡ ದುಡ್ಡು. ನಿಮಿಷಗಳಲ್ಲಿ ಅದು ಇನ್ನೊಂದು, ಮತ್ತೊಂದು ಖಾತೆಗೆ ಹಾರಿ ಹೋಗುತ್ತೆ. ಮೋಸ ಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡ್ತಾರೆ, ಪೊಲೀಸರು ದುಡ್ಡಿನ ಜಾಡು ಹಿಡಿದು ಬರ್ತಾರೆ, ಆ ಜಾಡಿನಲ್ಲಿ ನಿಜವಾದ ಹೆಸರು, ನಿಜವಾದ ಆಧಾರ್, ನಿಜವಾದ ಅಡ್ರೆಸ್ ಇರೋದು ಯಾರದ್ದು? ಈ ಹುಡುಗನದ್ದೇ. ಅಕೌಂಟ್ ಫ್ರೀಜ್ ಆಗುತ್ತೆ, ಕೇಸ್ ಬೇರೆ ರಾಜ್ಯದಲ್ಲಿ ಆಗಿದ್ರೆ ಅಲ್ಲಿಗೆ ಓಡಾಡಬೇಕು, ಸ್ಕಾಲರ್‌ಶಿಪ್ ಬರ್ತಿದ್ದ ಖಾತೆಯೂ ಅದೇ ಆಗಿರೋದ್ರಿಂದ ಅದೂ ನಿಲ್ಲುತ್ತೆ. ಹದಿನೆಂಟು ದಾಟಿದ್ರೆ ಆರೋಪಿ ಪಟ್ಟಿಯಲ್ಲಿ ಹೆಸರು. ಇಂಥ ಖಾತೆಗಳಿಗೆ ಮ್ಯೂಲ್ ಅಕೌಂಟ್ ಅಂತಾರೆ, ಇವನ್ನ ಪತ್ತೆ ಮಾಡೋಕೆ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೋವೇಷನ್ ಹಬ್ ಮ್ಯೂಲ್‌ಹಂಟರ್ ಅಂತ ಎಐ ಟೂಲ್ ಕೂಡ ಮಾಡಿದೆ. ಟೂಲ್ ಇರ್ಲಿ, ಆದ್ರೆ "ನಿನ್ನ ಅಕೌಂಟ್ ಅಂದ್ರೆ ನಿನ್ನ ಸಹಿ, ಅದರಲ್ಲಿ ಬಂದು ಹೋಗಿದ್ದಕ್ಕೆಲ್ಲ ನೀನೇ ಉತ್ತರ ಕೊಡಬೇಕು" ಅಂತ ಪಾಸ್‌ಬುಕ್ ಕೊಡೋ ದಿನ ಎರಡು ನಿಮಿಷ ಹೇಳಿದ್ರೆ ಎಷ್ಟೋ ಹುಡುಗರ ಬದುಕು ಉಳಿಯುತ್ತೆ.

ಸ್ಕೂಲಲ್ಲಿ ಏನೂ ಇಲ್ವಾ ಅಂದ್ರೆ, ಇದೆ. ರಿಸರ್ವ್ ಬ್ಯಾಂಕ್, ಸೆಬಿ, ಇನ್ಶೂರೆನ್ಸ್ ಮತ್ತು ಪೆನ್ಷನ್ ನಿಯಂತ್ರಕರು ಸೇರಿ ನಡೆಸೋ ಎನ್‌ಸಿಎಫ್‌ಇ ಅನ್ನೋ ಸಂಸ್ಥೆ ಆರರಿಂದ ಹತ್ತನೇ ಕ್ಲಾಸಿನ ತನಕ ವರ್ಕ್‌ಬುಕ್ ಮಾಡಿದೆ, ಆರರಿಂದ ಹನ್ನೆರಡನೇ ಕ್ಲಾಸಿನವರಿಗೆ ಪರೀಕ್ಷೆನೂ ನಡೆಸುತ್ತೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಹಣಕಾಸು ಸಾಕ್ಷರತೆಯ ಪ್ರಸ್ತಾಪ ಇದೆ. ಇದೇ ಸಂಸ್ಥೆ 2019ರಲ್ಲಿ ಮಾಡಿದ ಸರ್ವೆಯಲ್ಲಿ ದೇಶದ ದೊಡ್ಡವರಲ್ಲೇ ಹಣಕಾಸು ಸಾಕ್ಷರರು 27 ಪರ್ಸೆಂಟ್ ಅಂತ ಬಂತು, ಅಂದ್ರೆ ಮನೇಲಿ ಹೇಳ್ಕೊಡಬೇಕಾದವರಲ್ಲಿ ನಾಲ್ಕರಲ್ಲಿ ಮೂರು ಜನಕ್ಕೆ ತಾವೇ ಕಲೀಬೇಕಾಗಿದೆ. ಅದಕ್ಕೇ ಎಲ್ಲಾನೂ ಮನೆ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೂ ಆಗಲ್ಲ.

ಹಾಗಂತ ಒಂದು ಸಬ್ಜೆಕ್ಟ್ ಸೇರಿಸಿಬಿಟ್ರೆ ಆಯ್ತು ಅಂತಾನೂ ನನಗೆ ಅನ್ಸಲ್ಲ. 2014ರಲ್ಲಿ ಫರ್ನಾಂಡಿಸ್, ಲಿಂಚ್, ನೆಟೆಮೆಯರ್ ಅನ್ನೋ ಮೂವರು ಸಂಶೋಧಕರು ಇನ್ನೂರರಷ್ಟು ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ, ಜನ ದುಡ್ಡಿನ ವಿಷಯದಲ್ಲಿ ನಡ್ಕೊಳ್ಳೋ ರೀತಿಯಲ್ಲಿರೋ ವ್ಯತ್ಯಾಸದಲ್ಲಿ ಇಂಥ ಪಾಠದ ಪಾಲು ಬರೀ 0.1 ಪರ್ಸೆಂಟ್ ಅಂತ ಕಂಡುಬಂತು, ಕಲಿತಿದ್ದು ಕಾಲ ಕಳೆದ ಹಾಗೆ ಮಾಸಿ ಹೋಗುತ್ತೆ ಅಂತಾನೂ ಗೊತ್ತಾಯ್ತು. ನಿರ್ಧಾರ ಮಾಡೋ ಹೊತ್ತಿಗೆ ಸರಿಯಾಗಿ ಕಲಿಸಿದ್ರೆ ಮಾತ್ರ ಉಪಯೋಗ ಅಂತ ಅವರು ಹೇಳಿದ್ರು. 2022ರಲ್ಲಿ ಕೈಸರ್, ಲುಸಾರ್ಡಿ ಮತ್ತಿತರರು 76 ಪ್ರಯೋಗಗಳನ್ನ ನೋಡಿ, ಅಷ್ಟು ನಿರಾಶೆ ಬೇಡ, ಪಾಠದಿಂದ ತಿಳುವಳಿಕೆನೂ ನಡವಳಿಕೆನೂ ಸುಧಾರಿಸುತ್ತೆ ಅಂತ ತೋರಿಸಿದ್ರು. ಎರಡನ್ನೂ ಜೊತೆಗಿಟ್ಟು ನೋಡಿದ್ರೆ ನನಗೆ ಅನ್ನಿಸೋದು, ಕಲಿಸೋದು ವ್ಯರ್ಥ ಅಲ್ಲ, ಆದ್ರೆ ಎಂಟನೇ ಕ್ಲಾಸಲ್ಲಿ ಮ್ಯೂಚುವಲ್ ಫಂಡ್ ಬಾಯಿಪಾಠ ಮಾಡಿಸಿದ್ರೆ ಅದು ಪರೀಕ್ಷೆ ಮುಗಿದ ದಿನಾನೇ ಹೋಗುತ್ತೆ, ಕೈಯಲ್ಲಿ ದುಡ್ಡು ಇರುವಾಗ ಕಲಿಸಿದ್ದು ಉಳಿಯುತ್ತೆ.

ಬಡ್ಡಿ ವಿಷಯಾನೇ ನೋಡಿ. ಸರಳ ಬಡ್ಡಿ, ಚಕ್ರಬಡ್ಡಿ ಎರಡೂ ಹೈಸ್ಕೂಲ್ ಮುಗಿಯೋದ್ರೊಳಗೆ ನಮ್ಮ ಮಕ್ಕಳು ಮಾಡೇ ಮಾಡಿರ್ತಾರೆ, ಸೂತ್ರ ಕೇಳಿದ್ರೆ ಪಟ್ ಅಂತ ಹೇಳ್ತಾರೆ. ಆದ್ರೆ ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ 3.5 ಪರ್ಸೆಂಟ್ ಅಂತ ಸಣ್ಣ ಅಕ್ಷರದಲ್ಲಿ ಇದ್ರೆ ಅದು ಸಣ್ಣದಾಗೇ ಕಾಣುತ್ತೆ. ಅದೇ ಹಳ್ಳಿ ಲೆಕ್ಕದಲ್ಲಿ ಹೇಳಿ, ಮೂರೂವರೆ ರೂಪಾಯಿ ಬಡ್ಡಿ. ಮೂರು ರೂಪಾಯಿ ಬಡ್ಡಿಗೆ ಸಾಲ ತಂದ ಅಂದ್ರೆ ಯಾವ ಅಜ್ಜನಾದ್ರೂ ಎದೆ ಹಿಡ್ಕೋತಿದ್ದ. 20,000 ಬಾಕಿ ಇಟ್ಟು ಒಂದು ವರ್ಷ ಏನೂ ಕಟ್ಟದೇ ಇದ್ರೆ ಬಡ್ಡಿಗೆ ಬಡ್ಡಿ ಸೇರಿ 30,000 ದಾಟುತ್ತೆ, ಲೇಟ್ ಫೀ, ಜಿಎಸ್‌ಟಿ ಬೇರೆ. ಕ್ಲಾಸಲ್ಲಿ ಕಲ್ತ ಸೂತ್ರನೇ ಇದು, ಆದ್ರೆ ಒಂದು ನಿಜವಾದ ಕಾರ್ಡ್ ಸ್ಟೇಟ್‌ಮೆಂಟ್ ಬೋರ್ಡ್ ಮೇಲೆ ಬರೆದು ಈ ಲೆಕ್ಕ ಮಾಡಿಸೋ ಮೇಷ್ಟ್ರು ಎಷ್ಟು ಜನ ಇದ್ದಾರೆ? ಬಡ್ಡಿ ಇಲ್ಲ ಅಂತ ಹೇಳೋ ನೋ ಕಾಸ್ಟ್ ಇಎಂಐನೂ ಹಾಗೇ, ಪೂರ್ತಿ ದುಡ್ಡು ಕೊಡೋರಿಗೆ ಸಿಗೋ ಡಿಸ್ಕೌಂಟು ಇಎಂಐನವರಿಗೆ ಎಷ್ಟೋ ಸಲ ಇರಲ್ಲ, ಕಂತಿನ ಒಳಗೆ ಸೇರಿರೋ ಬಡ್ಡಿ ಭಾಗಕ್ಕೆ ಜಿಎಸ್‌ಟಿ ಬೀಳುತ್ತೆ, ಮೇಲೆ ಪ್ರೊಸೆಸಿಂಗ್ ಫೀ. ಇದಕ್ಕೆ ಹೊಸ ಪುಸ್ತಕ ಬೇಕಿಲ್ಲ, ಇರೋ ಗಣಿತದ ಪೀರಿಯಡ್ಡೇ ಸಾಕು.

ಮಾಡಿ ಕಲಿಯೋದು ನಮ್ಮ ನೆಲಕ್ಕೆ ಹೊಸದೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಡೆಪಾಸಿಟ್ ತಂತು, ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಆದ್ರೂ ಸರಿ ಇಸ್ಕೊಂಡು ಹೋಗ್ತಿದ್ದ. ಇವತ್ತಿಗೂ ನಮ್ಮ ಪೇಟೆ ಬೀದಿಗಳಲ್ಲಿ ಪಿಗ್ಮಿ ಕಲೆಕ್ಟರ್ ಓಡಾಡ್ತಾರೆ. ಸ್ಕೂಲುಗಳಲ್ಲಿ ಸಂಚಯಿಕಾ ಅಂತ ಮಕ್ಕಳ ಉಳಿತಾಯ ಯೋಜನೆ ಇತ್ತು, ಮಕ್ಕಳೇ ಚಿಲ್ಲರೆ ಕಟ್ಟಿ, ಮಕ್ಕಳೇ ಲೆಕ್ಕ ಬರೆಯೋದು. ಮೊತ್ತ ಸಣ್ಣದು, ಆದ್ರೆ ನಿರ್ಧಾರ ಮಗುವಿನದ್ದು. ಈಗ ಅಂಥದ್ದಕ್ಕೆ ಅವಕಾಶ ಇನ್ನೂ ಜಾಸ್ತಿ ಇದೆ. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಹಾಕೋ ಮಿತಿಯೊಳಗೆ ಸೇವಿಂಗ್ಸ್ ಅಕೌಂಟನ್ನ ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಎಟಿಎಂ ಕಾರ್ಡು, ನೆಟ್ ಬ್ಯಾಂಕಿಂಗ್ ಕೊಡಬೇಕಾ ಬೇಡ್ವಾ ಅನ್ನೋದು ಬ್ಯಾಂಕಿಗೆ ಬಿಟ್ಟಿದ್ದು, ಆದ್ರೆ ಆ ಖಾತೆ ಯಾವತ್ತೂ ಮೈನಸ್‌ಗೆ ಹೋಗೋ ಹಾಗಿಲ್ಲ. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಅಪ್ಪ ಅಮ್ಮ ತಮ್ಮ ಖಾತೆಯಿಂದಲೇ ಮಕ್ಕಳಿಗೆ ತಿಂಗಳಿಗೆ 15,000ದ ಒಳಗೆ ಒಂದು ಮಿತಿ ಹಾಕಿ ಕೊಡಬಹುದು. ಇಂಥ ಸೌಲಭ್ಯ ಇದ್ರೂ ಮನೆಗಳಲ್ಲಿ ಕೇಳಿದಾಗ ಕೇಳಿದಷ್ಟು ಕೊಡೋ ಪದ್ಧತಿನೇ ನಡೀತಿದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು, ಬಸ್ ಪಾಸು, ಝೆರಾಕ್ಸು, ರೀಚಾರ್ಜು, ಫ್ರೆಂಡ್ ಬರ್ತ್‌ಡೇ ಎಲ್ಲಾ ಅದರಲ್ಲೇ ನೋಡ್ಕೋ ಅಂದು, ಇಪ್ಪತ್ತನೇ ತಾರೀಕಿಗೆ ಖಾಲಿ ಆದ್ರೆ ಮತ್ತೆ ಕೊಡದೇ ಇರೋದು ಕಷ್ಟ, ಕರುಳು ಚುರುಕ್ ಅನ್ನುತ್ತೆ, ಆದ್ರೆ 500 ರೂಪಾಯಿ ತಪ್ಪು ಲೆಕ್ಕವನ್ನ ಹದಿನಾಲ್ಕರಲ್ಲಿ ಮಾಡೋದೇ ವಾಸಿ.

ಮತ್ತೆ ಒಂದು ವಿಷಯ, ಅದನ್ನ ದುಡ್ಡಿನ ಶಿಕ್ಷಣ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಹದಿನೇಳು ವರ್ಷದ ಹುಡುಗ ಹುಡುಗಿಯ ಜೀವನದ ಅತಿ ದೊಡ್ಡ ಹಣಕಾಸಿನ ನಿರ್ಧಾರ ಕಾಲೇಜ್ ಸೀಟು. ಸಿಇಟಿ ಸೀಟಾ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆನಾ, ಮ್ಯಾನೇಜ್‌ಮೆಂಟ್ ಕೋಟಾನಾ ಅನ್ನೋದರ ಮೇಲೆ ಲಕ್ಷಗಟ್ಟಲೆ ವ್ಯತ್ಯಾಸ ಆಗುತ್ತೆ. ಆಪ್ಷನ್ ಎಂಟ್ರಿ, ಅಂದ್ರೆ ಯಾವ ಕಾಲೇಜ್ ಬೇಕು ಅಂತ ಪಟ್ಟಿ, ಮಾಡೋವಾಗ ಮಕ್ಕಳು ಕಾಲೇಜ್ ಹೆಸರು, ಬ್ರಾಂಚು, ಪ್ಲೇಸ್‌ಮೆಂಟ್ ನೋಡ್ತಾರೆ, ಫೀಸಿನ ಕಾಲಂ ಅಪ್ಪನಿಗೆ ಬಿಟ್ಟಿದ್ದು. ಅಪ್ಪನೋ ಮಗುವಿನ ಆಸೆಗೆ ಅಡ್ಡ ಬರಬಾರದು ಅಂತ ಸುಮ್ನೆ ಹೂಂ ಅಂತಾರೆ, ಸೈಟ್ ಪೇಪರ್ ಎಲ್ಲಿಟ್ರು ಅಂತ ಮಗುಗೆ ಗೊತ್ತೇ ಆಗಲ್ಲ.

ಲೆಕ್ಕ ಹೀಗಿರುತ್ತೆ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಶುರುವಿನಲ್ಲಿ ಎರಡೂವರೆ ಲಕ್ಷದ ಹಾಗೆ ಹತ್ತು ಲಕ್ಷ ಎಜುಕೇಷನ್ ಲೋನ್, ಬಡ್ಡಿ 10 ಪರ್ಸೆಂಟ್, ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ ಕಂತು ಶುರು ಅಂತಿಟ್ಕೊಳ್ಳಿ. ಅಲ್ಲಿ ತನಕ ಸರಳ ಬಡ್ಡಿ ಮಾತ್ರ ಅಂದ್ರೂ ಮೂರೂವರೆ ಲಕ್ಷ ಸೇರಿ ಸಾಲ ಹದಿಮೂರೂವರೆ ಲಕ್ಷ ಆಗಿರುತ್ತೆ. ಅದನ್ನ ಹತ್ತು ವರ್ಷದಲ್ಲಿ ತೀರಿಸಬೇಕಂದ್ರೆ ಇಎಂಐ ತಿಂಗಳಿಗೆ ಸುಮಾರು 17,800. ಫ್ರೆಶರ್ ಸಂಬಳ 25,000 ಅಂದ್ರೆ ಪಿಜಿ ಬಾಡಿಗೆಗೆ ಏನು ಉಳಿಯುತ್ತೆ ಅನ್ನೋದನ್ನ ಸೀಟ್ ಬ್ಲಾಕ್ ಮಾಡೋ ಮೊದಲು ಆ ಮಗು ತಾನೇ ಪೇಪರ್ ಮೇಲೆ ಬರೆದು ನೋಡಬೇಕು. ನೋಡಿದ ಮೇಲೂ ಅದೇ ಕಾಲೇಜ್ ಬೇಕು ಅಂದ್ರೆ ಅದು ಅವರ ಆಯ್ಕೆ, ಗೌರವಿಸೋಣ. ಕಂತು ಶುರುವಾಗೋ ತನಕ ಆಯಾ ತಿಂಗಳ ಬಡ್ಡಿಯಷ್ಟಾದ್ರೂ ಕಟ್ಟಿಕೊಂಡು ಬಂದ್ರೆ ಅಸಲು ಹತ್ತರಲ್ಲೇ ನಿಲ್ಲುತ್ತೆ ಅನ್ನೋದೂ ಈ ಲೆಕ್ಕದಲ್ಲೇ ಗೊತ್ತಾಗುತ್ತೆ, ಎಷ್ಟೋ ಮನೆಗಳಿಗೆ ಇದನ್ನ ಯಾರೂ ಹೇಳಿರಲ್ಲ.

ಇದನ್ನ ಮಾಡಿಸೋಕೆ ಸರಿಯಾದ ಜಾಗ ಸೆಕೆಂಡ್ ಪಿಯು ಕ್ಲಾಸ್‌ರೂಮು. ಪರೀಕ್ಷೆ ಮುಗಿದು ಸಿಇಟಿ ರಿಸಲ್ಟ್ ಬರೋ ಮಧ್ಯೆ ಪ್ರತಿ ಕಾಲೇಜು ಒಂದು ದಿನ ಅಪ್ಪ ಅಮ್ಮ ಮಕ್ಕಳು ಮೂವರನ್ನೂ ಕೂರಿಸಿ, ಹತ್ತಿರದ ಬ್ಯಾಂಕಿನಿಂದ ಒಬ್ಬ ಲೋನ್ ಆಫೀಸರನ್ನ ಕರೆಸಿ, ಫೀಸು, ಸ್ಕಾಲರ್‌ಶಿಪ್ಪು, ಸಾಲ, ಇಎಂಐ ಲೆಕ್ಕ ಮಕ್ಕಳ ಕೈಯಲ್ಲೇ ಮಾಡಿಸಬಹುದು. ಫಸ್ಟ್ ಪಿಯುನಲ್ಲಿ ಎಸ್‌ಎಸ್‌ಪಿ ಅರ್ಜಿ ಹಾಕಿಸೋ ವಾರ ಅಕೌಂಟ್ ಬಾಡಿಗೆ ದಂಧೆ ಬಗ್ಗೆ, 1930 ಬಗ್ಗೆ, ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಅಗತ್ಯ ಯಾವತ್ತೂ ಇಲ್ಲ ಅನ್ನೋದರ ಬಗ್ಗೆ ಅರ್ಧ ಗಂಟೆ. ಈ ಎರಡು ದಿನಾಂಕ ಪಿಯು ಇಲಾಖೆಯ ವಾರ್ಷಿಕ ಕ್ಯಾಲೆಂಡರಿಗೆ ಸೇರಬೇಕು, ಹೊಸ ಪಠ್ಯ, ಹೊಸ ಟೀಚರ್ ನೇಮಕ ಅಂತ ಕಾಯೋದು ಬೇಡ, ಮುಂದಿನ ಬ್ಯಾಚಿಗೇ ಶುರು ಮಾಡಬಹುದು.